ಭದ್ರತಾ ಮಂಡಳಿಯ ಸುಧಾರಣೆ: ಚರ್ಚಾಸ್ಪರ್ಧೆಗೆ ಸಿದ್ಧತೆ ಹೀಗಿರಲಿ

ವಿಜಯಪುರದ ಕಾಲೇಜುಗಳಲ್ಲಿ ಈ ವಿಷಯದ ಚರ್ಚಾಸ್ಪರ್ಧೆಗೆ ಸಿದ್ಧರಾಗುವವರು ಭಾರತಕ್ಕೆ ಕಾಯಂ ಸ್ಥಾನ ಬೇಕೆಂಬ ಘೋಷಣೆಯಿಂದಲ್ಲ, ವಿಶ್ವಸಂಸ್ಥೆಯ ಸನ್ನದಿನ 108ನೇ ವಿಧಿಯಿಂದ ಓದು ಆರಂಭಿಸಬೇಕು. ಮಂಡಳಿಯ ಸ್ಥಾನಗಳನ್ನು ಬದಲಿಸಲು ಸನ್ನದನ್ನೇ ತಿದ್ದಬೇಕು; ಆ ತಿದ್ದುಪಡಿಗೆ ಸಾಮಾನ್ಯ ಸಭೆಯ ಮೂರನೇ ಎರಡರಷ್ಟು ಸದಸ್ಯರ ಮತ ದೊರೆತ ಮೇಲೆ ಅಷ್ಟೇ ಪ್ರಮಾಣದ ರಾಷ್ಟ್ರಗಳು ಅದನ್ನು ಅನುಮೋದಿಸಬೇಕು. ಅವುಗಳಲ್ಲಿ ಐದೂ ಕಾಯಂ ಸದಸ್ಯ ರಾಷ್ಟ್ರಗಳು (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಇರಲೇಬೇಕು. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿಯೇ. ಆದರೂ ದಾರಿ ಮುಚ್ಚಿಲ್ಲ: 1963ರಲ್ಲಿ ಅಂಗೀಕಾರವಾದ ತಿದ್ದುಪಡಿ 1965ರಲ್ಲಿ ಜಾರಿಗೆ ಬಂದು, ಮಂಡಳಿಯ ಸದಸ್ಯರ ಸಂಖ್ಯೆ 11ರಿಂದ 15ಕ್ಕೇರಿತು.

ಬಳಿಕ ಕಾಯಂ ಸದಸ್ಯರ ತಡೆಯಧಿಕಾರವಾದ ವೀಟೋವನ್ನು ಪ್ರತ್ಯೇಕ ಪ್ರಶ್ನೆಯಾಗಿಯೇ ಬರೆದುಕೊಳ್ಳಿ. ಮಹತ್ವದ ನಿರ್ಣಯಕ್ಕೆ ಒಂಬತ್ತು ಮತಗಳಿದ್ದರೂ ಒಂದೇ ಕಾಯಂ ಸದಸ್ಯ ರಾಷ್ಟ್ರದ ವಿರೋಧ ಅದನ್ನು ತಡೆಯುತ್ತದೆ; ತಟಸ್ಥವಾಗಿ ಉಳಿದರೆ ತಡೆಯುವುದಿಲ್ಲ. ಹೊಸ ಕಾಯಂ ಸ್ಥಾನಗಳನ್ನು ಪಾಕಿಸ್ತಾನ, ಇಟಲಿ ಮೊದಲಾದವು ಏಕೆ ವಿರೋಧಿಸುತ್ತವೆ ಎಂಬುದನ್ನೂ ತಪ್ಪದೇ ಓದಿ.