ಮಳೆಗಾಲದಲ್ಲಿ ಹಿತ್ತಾಳೆ ಗಿಂಡಿ ಬಿಡಿಸಿದ್ದು: ಜಲವರ್ಣದಲ್ಲಿ ನನ್ನ ಅನುಭವ

ಮಡಿಕೇರಿ ಮಳೆಯಲ್ಲಿ ಜಲವರ್ಣ ಆಗಲ್ಲ, ಅಕ್ರಿಲಿಕ್ ಹಿಡಿ ಎಂದು ಗೆಳೆಯರೆಲ್ಲ ಹೇಳಿದ್ದರು. ಆದರೆ ಚಿತ್ರಕಾರ ಕೆ. ವೆಂಕಟಪ್ಪ (1886–1965) ಊಟಿಯ ಮಂಜನ್ನೇ ಜಲವರ್ಣದಲ್ಲಿ ಹಿಡಿದವರು. ಥಂಡಿ ಊರು ಎಂಬ ಕಾರಣ ನನಗೆ ಒಪ್ಪಿಗೆಯಾಗಲಿಲ್ಲ. ಈ ಸಲ ಅಡುಗೆಮನೆಯ ಹಿತ್ತಾಳೆ ಗಿಂಡಿ, ನೂಪುಟ್ಟು (ನಮ್ಮ ಕಡೆಯ ಅಕ್ಕಿ ಶಾವಿಗೆ) ಒತ್ತುವ ಅಚ್ಚು, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ) ಬಾಟಲಿ ಮೂರನ್ನೂ ಇದ್ದ ಹಾಗೇ ಬಿಡಿಸಿದ್ದೇನೆ. ಗಿಂಡಿಯನ್ನು ನೋಡಿದವರು ಫೋಟೋ ಅಂದುಕೊಂಡರು.

ದುಡ್ಡು ಹೋಗಿದ್ದು ಕಾಗದಕ್ಕೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ, ದೊಡ್ಡ ಹಾಳೆಗೆ 500–600 ರೂಪಾಯಿ. ಬೀರುವಿನಲ್ಲಿಟ್ಟ ಕಟ್ಟು ನೋಡಲು ಚೆನ್ನಾಗಿಯೇ ಇತ್ತು. ಬಣ್ಣ ಬಿದ್ದ ಕೂಡಲೇ ಒತ್ತುಕಾಗದದ ಹಾಗೆ ಹೀರಿಕೊಂಡು ಚುಕ್ಕೆ ಚುಕ್ಕೆ ಎದ್ದಿತು. ಬಣ್ಣದ ನೀರನ್ನು ಕಾಗದ ಒಮ್ಮೆಲೇ ಹೀರದಂತೆ ತಡೆಯುವ ಅಂಟಿನ ಲೇಪ, ಅಂದರೆ ಸೈಜಿಂಗ್, ಥಂಡಿಗೆ ಸತ್ತುಹೋಗಿತ್ತು. ಹೆಚ್ಚುಕಡಿಮೆ 4,000 ರೂಪಾಯಿ ನೀರುಪಾಲು. ಹೇರ್ ಡ್ರೈಯರ್ ಕೂಡ ಕೈಕೊಟ್ಟಿತು. ಮೇಲೆ ಒಣಗುತ್ತದೆ, ಕಾಗದದ ಒಳಗೆ ಹಸಿ ಹಾಗೇ ಇರುತ್ತದೆ. ಎರಡನೇ ಪದರ ಹಾಕಿದರೆ ಕೆಳಗಿನದು ಎದ್ದು ಕೆಸರಾಗುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಮರದ ಪೆಟ್ಟಿಗೆ. ಒಳಗೆ 60 ವ್ಯಾಟ್‌ನ ಹಳೇ ಬಲ್ಬ್, ಎಲ್‌ಇಡಿಗೆ ಅಷ್ಟು ಶಾಖ ಇಲ್ಲ. ಖರ್ಚು 700 ರೂಪಾಯಿ ಇರಬಹುದು. ಖಾಲಿ ಹಾಳೆಗಳನ್ನೂ ಈಗ ಅಲ್ಲೇ ಇಡುತ್ತೇನೆ. ಪದರ ಹಾಕಿ ಒಳಗಿಟ್ಟರೆ ಮುಕ್ಕಾಲು ಗಂಟೆಯಲ್ಲಿ ಪೂರ್ತಿ ಒಣಗುತ್ತದೆ. ಗಾಳಿ ಆಡಲು ತೂತು ಎಲ್ಲಿ ಕೊರೆದೆ ಎಂಬುದನ್ನು ಮಾತ್ರ ಹೇಳಲ್ಲ.

ನಿಜವಾದ ಲಾಭ ಮೊದಲ ಪದರದಲ್ಲಿ ಸಿಕ್ಕಿತು. ಅದನ್ನು ಪೆಟ್ಟಿಗೆಗೆ ಹಾಕಬೇಡಿ. ಬೇಸಿಗೆಯಲ್ಲಿ ಗಡಿಬಿಡಿಯಲ್ಲಿ ಬೆರೆಸಬೇಕಾದ ಬಣ್ಣ ಮಳೆಗಾಲದಲ್ಲಿ ನಿಧಾನವಾಗಿ ಹರಡುತ್ತದೆ. ಗಿಂಡಿಯ ಹೊಟ್ಟೆಯ ತಿರುವಿಗೆ ರಾ ಸಿಯೆನಾದಿಂದ (ಮಣ್ಣಿನ ಹಳದಿ) ಬರ್ಂಟ್ ಸಿಯೆನಾಗೆ (ಕೆಂಗಂದು) ಇಳಿಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಹಿತ್ತಾಳೆಗೆ ಹಳದಿ ಬಳಿದರೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಅದರಲ್ಲಿ ಕಾಣುವುದು ಸುತ್ತಲಿನ ಬಣ್ಣ: ಕಿಟಕಿಯ ಬೂದು, ಗೋಡೆಯ ಹಸಿರು, ನನ್ನ ಅಂಗಿ. ಮಿಂಚಿಗೆ ಕಾಗದದ ಬಿಳಿ ಬಿಟ್ಟು, ಅದರ ಪಕ್ಕದಲ್ಲೇ ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನಾ ಸೇರಿಸಿದ ಕಪ್ಪನ್ನು ಚೂಪಾಗಿ ನಿಲ್ಲಿಸಿದೆ.

ಬಿಡಿಸುವ ಮೊದಲು ಪಾತ್ರೆ ಬೆಳಗಬೇಡಿ. ನಮ್ಮ ಗಿಂಡಿಯ ಹೊಟ್ಟೆ ಹುಣಸೆಹುಳಿ ತಿಂದು ತಿಂದು ಹೊಳೆಯುತ್ತದೆ. ಕೈ ತಲುಪದ ಮೂತಿಯ ಬುಡದಲ್ಲಿ ಹಸಿರು ಕಿಲುಬು. ಕತ್ತಿನ ಹತ್ತಿರ ಒಂದು ನೆಗ್ಗು. ಯಾರ ಕೈ ಎಲ್ಲಿ ಹಿಡಿಯುತ್ತಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ? ಇಷ್ಟು ವರ್ಷ ಅದರಲ್ಲೇ ನೀರು ಕುಡಿದರೂ ಆ ನೆಗ್ಗು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಬಿಡಿಸಲು ಎರಡು ಮಧ್ಯಾಹ್ನ ಹಿಡಿಯಿತು. ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದೂ ಅದೇ.

ನಡುವೆ ಸುಮ್ನೆ ಕಾಚಂಪುಳಿಯನ್ನೇ ಬಣ್ಣವಾಗಿ ಹಚ್ಚಿ ನೋಡಿದೆ. ಕಂದು ಚೆನ್ನಾಗಿಯೇ ಬಂತು, ಆದರೆ ಅಂಟು ಹೋಗಲೇ ಇಲ್ಲ. ಕಾಫಿ ಡಿಕಾಕ್ಷನ್ ಹಚ್ಚಿ ನೋಡಿದೆ, ಅದಕ್ಕೆ ಬೂಸ್ಟು ಬಂತು. ಬಾಟಲಿಯ ಕಪ್ಪನ್ನು ಕೊನೆಗೆ ಮೂರು ಬಣ್ಣ ಸೇರಿಸಿ ತಂದೆ. ಯಾವ ಮೂರು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಗಿಂಡಿ ಚಿತ್ರವನ್ನು ಹೋಂಸ್ಟೇ ನಡೆಸುವವರೊಬ್ಬರು ಸುಮಾರು 6,000ಕ್ಕೆ ಕೊಂಡರು. ಗಾಜು ಕಾಗದಕ್ಕೆ ತಾಗದ ಹಾಗೆ ಸುತ್ತಲೂ ದಪ್ಪ ರಟ್ಟಿನ ಅಂಚು (ಮೌಂಟ್) ಇಟ್ಟು ಫ್ರೇಮ್ ಹಾಕಿಸಿಕೊಟ್ಟೆ. ತಾಗಿದರೆ ನಮ್ಮ ಕಡೆ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ.