ತೋಟದ ಮನೆಗೆ ಒಂದು ಕೋವಿ: ನನ್ನ ಅನುಭವ

ನಮ್ಮ ಮನೆಯಿಂದ ಕೂಗಿದರೆ ಹತ್ತಿರದ ಮನೆಗೆ ಕೇಳುವುದಿಲ್ಲ. ಕಾಸರಗೋಡು ಜಿಲ್ಲೆಯ ಮುಳ್ಳೇರಿಯಾದಿಂದ ಒಳಗೆ, ಗುಡ್ಡದ ಬುಡದಲ್ಲಿ ಮನೆ. ಕೆಳಗೆ ಅಡಿಕೆ ತೋಟ, ಅದರಾಚೆ ತೋಡು, ತೋಡಿನಾಚೆ ಕಾಡು. ಒಂದು ಮಳೆಗಾಲದಲ್ಲಿ ಹಂದಿಗಳು ಒಂದೇ ರಾತ್ರಿ ನಲುವತ್ತು ಅಡಿಕೆ ಸಸಿ ಮಗುಚಿ ಹಾಕಿದವು. ಅವುಗಳಿಗೆ ಬೇಕಾದದ್ದು ಬುಡದ ಎರೆಹುಳ ಮಾತ್ರ. ಬೆಳಿಗ್ಗೆ ಅಪ್ಪ ಆ ಸಸಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿ ಮಣ್ಣು ಒತ್ತುತ್ತಿದ್ದುದನ್ನು ನೋಡಿ ನಾನು ಕೋವಿಗೆ ಅರ್ಜಿ ಹಾಕುವ ತೀರ್ಮಾನ ಮಾಡಿದೆ.

ಅಜ್ಜನ ಕಾಲದಲ್ಲಿ ನಮ್ಮಲ್ಲಿ ಕೇಪಿನ ಕೋವಿ ಇತ್ತು. ಬಾಯಿಯಿಂದ ಮದ್ದು, ಚರೆ (ಸೀಸದ ಸಣ್ಣ ಗುಂಡುಗಳು) ತುಂಬಿ, ಕೋಲಿನಿಂದ ಜಡಿದು, ಹಿಂದೆ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಇಡುವ ಜಾತಿ. ಅಜ್ಜ ಹೋದ ಮೇಲೆ ಪರವಾನಗಿ ಯಾರೂ ನವೀಕರಿಸಲಿಲ್ಲ, ಕೋವಿ ಒಪ್ಪಿಸಿ ಆಯಿತು. ಹಾಗಾಗಿ ನಾನು ಮೊದಲಿಂದಲೇ ಶುರು ಮಾಡಬೇಕಾಯಿತು.

1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ನಮ್ಮಂಥವರಿಗೆ ಅನುಕೂಲವಾಗಿಯೇ ಇದೆ. ರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ (ಒಳಗೆ ಸುರುಳಿ ಗೆರೆಗಳಿಲ್ಲದ) ಕೋವಿ, ಬೆಳೆ ಕಾಯಲು ಕೇಪಿನ ಕೋವಿ. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆಗೂ ಬೇರೆ ನಯ ನಳಿಗೆಯದ್ದು ಕೊಡಬಹುದು. ವಯಸ್ಸು 21 ಆಗಿರಬೇಕು. ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಪತ್ರ, ಕೋವಿ ಎಲ್ಲಿ ಇಡುತ್ತೇನೆ ಎಂಬ ಮುಚ್ಚಳಿಕೆ ಬೇಕು. ಪೊಲೀಸ್ ವರದಿ ಬಂದ ಮೇಲೆ ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಕಡತ ಮುಂದೆ ಹೋಗುತ್ತದೆ. ನನಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಹಂದಿ ಹಾಳು ಮಾಡಿದ ಸಸಿಗಳ ಫೋಟೋ, ತಾರೀಖು ಬರೆದ ಪುಸ್ತಕ, ಕೃಷಿ ಭವನಕ್ಕೆ ಕೊಟ್ಟ ಅರ್ಜಿಯ ಪ್ರತಿ ಎಲ್ಲವನ್ನೂ ಜೋಡಿಸಿಟ್ಟಿದ್ದೆ. ವಿಚಾರಣೆಗೆ ಕರೆದಾಗ ಆ ಪುಸ್ತಕ ನನಗಿಂತ ಚೆನ್ನಾಗಿ ಮಾತಾಡಿತು.

ಕೇರಳ-ಕರ್ನಾಟಕ ಗಡಿಯಲ್ಲಿರುವ ನಾವು ಇನ್ನೊಂದು ಮುಖ್ಯ ವಿಷಯ ಗಮನಿಸಬೇಕು. ಪರವಾನಗಿಯಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದಿರುತ್ತದೆ. ಕೇರಳಕ್ಕೆ ಮಾತ್ರ ಎಂದಿದ್ದರೆ ಪುತ್ತೂರಿನ ಭಾವನ ತೋಟಕ್ಕೆ ಕೋವಿ ಒಯ್ಯುವಂತಿಲ್ಲ, ಗಡಿಯ ಸಾರಡ್ಕ ದಾಟಿದರೆ ಅಪರಾಧ. ಪಾಣತ್ತೂರಿನಾಚೆ ಕೊಡಗಿನಲ್ಲಿ ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಅದು ಅವರಿಗೆ ಮಾತ್ರ, ನೆಂಟಸ್ತನದಿಂದ ನಮಗೆ ಬರುವುದಿಲ್ಲ. ನಾನು ಕಣ್ಣೂರು ಕಡೆಯ ಅಂಗಡಿಗಳನ್ನೇ ಹುಡುಕಿದ್ದು ಇದೇ ಕಾರಣಕ್ಕೆ.

ಈಗ ಯಾವ ಕೋವಿ ಎಂಬ ಪ್ರಶ್ನೆ. ರಿವಾಲ್ವರನ್ನು ಮೊದಲೇ ಬಿಟ್ಟೆ. .32 ರಿವಾಲ್ವರ್ ತುಂಬ ದುಬಾರಿ, ಅದನ್ನು ಹಿಡಿದು ತೋಟದಲ್ಲಿ ಮಾಡುವುದೇನೂ ಇಲ್ಲ. .315 ರೈಫಲ್ ಒಳ್ಳೆಯದೇ, ಆದರೆ ಗುರಿ ತಪ್ಪಿದರೆ ಅದರ ಗುಂಡು ಕಿಲೋಮೀಟರ್ ದಾಟಿ ಹೋಗುತ್ತದೆ. ನಮ್ಮ ಗುಡ್ಡದ ಆಚೆ ಮಗ್ಗುಲಲ್ಲಿ ಮನೆಗಳಿವೆ. ಉಳಿದದ್ದು ಹನ್ನೆರಡು ಬೋರಿನ ತೋಟೆ ಕೋವಿ. ತೋಟೆ ಎಂದರೆ ಮದ್ದು, ಚರೆ ಒಟ್ಟಿಗೆ ತುಂಬಿದ ಕೊಳವೆ. ನಳಿಗೆಯ ಅಳತೆಗೆ ಸರಿಯಾದ ಹನ್ನೆರಡು ಸೀಸದ ಗುಂಡು ಸೇರಿದರೆ ಒಂದು ಪೌಂಡು, ಹೆಸರು ಬಂದದ್ದು ಹಾಗೆ. ಒಂದೇ ಕೋವಿಗೆ ಬೇರೆ ಬೇರೆ ತೋಟೆ ಹಾಕಬಹುದು. ಎಲ್‌ಜಿ ಎಂದರೆ ಕೆಲವೇ ದಪ್ಪ ಚರೆ. ನಾಲ್ಕು, ಆರು ನಂಬರ್ ಎಂದರೆ ಸಣ್ಣ ಚರೆ ಹಲವು. ಕಡಿಮೆ ಖರ್ಚಿನ ಮನೆಗೆ ಇದಕ್ಕಿಂತ ಹೊಂದುವ ಕೋವಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ಜೋಡಿ ನಳಿಗೆಯ ಕೋವಿಗೆ ನನ್ನ ಹತ್ತಿರ ದುಡ್ಡು ಸಾಲುತ್ತಿರಲಿಲ್ಲ. ಹಳೆಯದನ್ನೇ ನೋಡುವುದೆಂದಾಯಿತು. ಮೊದಲ ಅಂಗಡಿಯಲ್ಲಿ ತೋರಿಸಿದ್ದು ಚೆಂದದ ಇಂಗ್ಲಿಷ್ ಕೋವಿ. ನಳಿಗೆಯ ಮೈಮೇಲೆ ಮರದ ಗೆರೆಯಂಥ ಸುರುಳಿ ಸುರುಳಿ ಚಿತ್ತಾರ. ಬೆಲೆಯೂ ಕಡಿಮೆ. ನನಗೆ ಆಸೆಯಾಯಿತು. ಜೊತೆಗೆ ಬಂದಿದ್ದ ಮಾವ ನಲುವತ್ತು ವರ್ಷ ಕೋವಿ ಇಟ್ಟುಕೊಂಡವರು. ಅವರು ನನ್ನ ಮೊಣಕೈ ಹಿಡಿದು ಹೊರಗೆ ಕರೆದು ಹೇಳಿದರು: ‘ಅದು ಡಮಾಸ್ಕಸ್ ನಳಿಗೆ. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದದ್ದು. ಕಪ್ಪು ಮದ್ದಿನ ಕಾಲದ್ದು. ಈಗಿನ ತೋಟೆ ಹಾಕಿದರೆ ನಿನ್ನ ಎಡಗೈ ಉಳಿಯುವುದಿಲ್ಲ.’ ಅಂಗಡಿಯಾತ ಅದರ ಜೊತೆ 70 ಮಿಲಿಮೀಟರಿನ ತೋಟೆ ಕೊಡಲೂ ತಯಾರಿದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಕೋವಿಗಳ ತೋಟೆಗೂಡು, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, 65 ಮಿಲಿಮೀಟರಿನದ್ದು. ಉದ್ದದ ತೋಟೆ ಅದರೊಳಗೆ ಕೂರುತ್ತದೆ, ಆದರೆ ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಇರುವುದಿಲ್ಲ. ಒತ್ತಡ ಏರುತ್ತದೆ. ನಳಿಗೆಯ ಅಡಿಯಲ್ಲಿ ಒತ್ತಿರುವ ಪರೀಕ್ಷೆಯ ಮುದ್ರೆಯನ್ನೂ ತೋಟೆಗೂಡಿನ ಅಳತೆಯನ್ನೂ ಓದದೆ ಹಳೆ ಕೋವಿ ಕೊಳ್ಳಲೇಬಾರದು.

ಎರಡನೇ ಅಂಗಡಿಯಲ್ಲಿ ಸಿಕ್ಕಿದ್ದು ಇಂಡಿಯನ್ ಆರ್ಡ್‌ನೆನ್ಸ್ ಕಾರ್ಖಾನೆಯ ಜೋಡಿ ನಳಿಗೆ. ಮರದ ಹಿಡಿಯ ಮೇಲೆ ಗೀರುಗಳು, ಬಣ್ಣ ಮಾಸಿತ್ತು. ಮಾವ ಚೆಂದ ನೋಡಲೇ ಇಲ್ಲ. ಮೊದಲು ಕೋವಿ ಮುರಿದು (ಕೀಲಿನಲ್ಲಿ ಬಗ್ಗಿಸಿ ತೆರೆದು) ಖಾಲಿ ಇದೆಯೇ ಎಂದು ನೋಡಿದರು. ಆಮೇಲೆ ನಳಿಗೆ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಮೆಲ್ಲ ತಿರುಗಿಸುತ್ತ ಒಳಗೆ ಕಣ್ಣಿಟ್ಟರು. ಒಳಗೆ ಬೆಳಕಿನ ಬಳೆಗಳು ಒಂದರ ಹಿಂದೆ ಒಂದು ದುಂಡಗೆ ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾದರೆ ಅಲ್ಲಿ ತಗ್ಗು ಬಿದ್ದಿದೆ, ಕಪ್ಪು ಚುಕ್ಕಿ ಇದ್ದರೆ ತುಕ್ಕು ತಿಂದಿದೆ. ನಂತರ ನಳಿಗೆಯನ್ನು ಕೊಕ್ಕೆಯಲ್ಲಿ ಒಂದು ಬೆರಳಿಗೆ ತೂಗುಹಾಕಿ ಪೆನ್ನಿನಿಂದ ತಟ್ಟಿದರು. ದೇವರ ಕೋಣೆಯ ಗಂಟೆಯ ಹಾಗೆ ಉದ್ದಕ್ಕೆ ನಾದ ಬಂತು. ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ಕೊನೆಗೆ ನಳಿಗೆಯ ಅಡಿಯ ಮುಂಗೈ ಮರ ಮಾತ್ರ ಬಿಚ್ಚಿಟ್ಟು ಕೋವಿ ಮುಚ್ಚಿ ಅಲುಗಿಸಿದರು. ಗಡಗಡ ಅನ್ನಲಿಲ್ಲ.

ಭುಜಕ್ಕೂ ಹೊಂದಬೇಕು. ಕಣ್ಣು ಮುಚ್ಚಿ ಕೋವಿ ಭುಜಕ್ಕೆ ಏರಿಸಿ, ಕಣ್ಣು ತೆರೆದಾಗ ತುದಿಯ ಮಣಿ ನೇರಕ್ಕೆ ಕಂಡರೆ ಅದು ನಿಮ್ಮದು. ಕತ್ತು ಎಳೆಯಬೇಕಾಗಿ ಬಂದರೆ ಅಲ್ಲ. ನನಗೆ ಮಣಿ ಕಂಡಿತು. 22 ಸಾವಿರ ಕೊಟ್ಟೆ. ಉಳಿದ ದುಡ್ಡು ಗೋಡೆಗೆ ಬೋಲ್ಟ್ ಹೊಡೆದ ಕಬ್ಬಿಣದ ಕಪಾಟಿಗೆ ಹೋಯಿತು. ತೋಟೆಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಎರಡು ಬೀಗದ ಕೈಗಳೂ ಒಂದೇ ಮೊಳೆಯಲ್ಲಿ ತೂಗುವುದಿಲ್ಲ. ಮಕ್ಕಳಿರುವ ಮನೆ ಅಲ್ವಾ.

ತರಬೇತಿಗೆ ಹೋದ ಗುರಿ ಅಭ್ಯಾಸದ ರೇಂಜಿನಲ್ಲಿಯೇ ದೊಡ್ಡ ಕಾಗದ ಕಟ್ಟಿ ಹೊಡೆದು ನೋಡಿದೆ. ನನ್ನ ಕೋವಿಯ ಬಲ ನಳಿಗೆ ಚರೆಯನ್ನು ಸ್ವಲ್ಪ ಹರಡುತ್ತದೆ, ಎಡದ್ದು ಬಿಗಿಯಾಗಿ ಹಿಡಿದಿಡುತ್ತದೆ. ಮೂವತ್ತು ಹೆಜ್ಜೆಯಾಚೆ ಎಲ್‌ಜಿ ಚರೆಗಳ ನಡುವೆ ಎಷ್ಟು ಜಾಗ ಬಿಡುತ್ತದೆ ಎಂದು ಕಾಗದದಲ್ಲಿ ಕಂಡ ಮೇಲೆ, ಅದಕ್ಕಿಂತ ದೂರಕ್ಕೆ ಹಂದಿಗೆ ಹೊಡೆಯುವ ಯೋಚನೆಯೇ ಬಿಟ್ಟೆ. ಗಾಯಗೊಂಡು ಓಡುವ ಹಂದಿ ಯಾರಿಗೂ ಒಳ್ಳೆಯದಲ್ಲ.

ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 2022ರಲ್ಲಿ ಕೇರಳ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೆ ಆದೇಶ ಕೊಡುವ ಅಧಿಕಾರ ನೀಡಿತು. ಹೊಡೆಯುವುದು ಪಟ್ಟಿಯಲ್ಲಿ ಹೆಸರಿರುವ ಪರವಾನಗಿದಾರರು. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಮನೆಗೆ ತರುವ ಮಾತಿಲ್ಲ. ನವಿಲು, ಮಂಗ ಎಷ್ಟೇ ಹಾಳು ಮಾಡಿದರೂ ಕೋವಿ ಎತ್ತಬಾರದು.

ಮನೆ ಕಾಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾದದ್ದು ಒಂದು ರಾತ್ರಿ. ಎರಡು ಗಂಟೆಗೆ ಅಂಗಳದಲ್ಲಿ ಹೆಜ್ಜೆಯ ಸದ್ದು. ಒಣಗಿಸಿದ ಅಡಿಕೆ ಚೀಲ ಜಗಲಿಯಲ್ಲೇ ಇತ್ತು. ಕಪಾಟು ತೆಗೆದು ಕೋವಿ ಕೈಗೆತ್ತಿಕೊಂಡೆ. ಹೆಂಡತಿ ಹೊರಗಿನ ದೀಪ ಹಾಕಿದಳು. ನಿಂತಿದ್ದವನು ನಮ್ಮ ತೋಟದ ಕೆಲಸದ ಹುಡುಗ. ಹೆಂಡತಿಗೆ ಹೆರಿಗೆ ನೋವು ಶುರುವಾಗಿ ಜೀಪು ಕೇಳಲು ಓಡಿ ಬಂದಿದ್ದ, ಏದುಸಿರಿನಲ್ಲಿ ಕರೆಯಲೂ ಸ್ವರ ಬಂದಿರಲಿಲ್ಲ. ಕೋವಿಗೆ ತೋಟೆ ಹಾಕಿರಲಿಲ್ಲ. ಆದರೂ ಆಸ್ಪತ್ರೆಯ ದಾರಿಯುದ್ದಕ್ಕೂ ಸ್ಟೇರಿಂಗ್ ಹಿಡಿದ ನನ್ನ ಕೈ ನಡುಗುತ್ತಿತ್ತು. ಮಾರನೇ ವಾರವೇ ಅಂಗಳದ ನಾಲ್ಕು ಮೂಲೆಗೂ ದೀಪ, ಮುಂಬಾಗಿಲಿಗೆ ಗಟ್ಟಿ ಅಗುಳಿ ಹಾಕಿಸಿದೆ. ನಾಯಿ ಮೊದಲೇ ಬೇಕಿತ್ತು, ಅದನ್ನೂ ತಂದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಕೊಡುವುದಿಲ್ಲ. ಕೋವಿಗೆ ದುಡ್ಡು ಕೂಡಿಸುವವರು ಮೊದಲು ಆ ದೀಪಗಳಿಗೆ ಖರ್ಚು ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಗುರಿ ಹೊಡೆಯುವ ಖುಷಿಗೆ ಮಾತ್ರ ಆಸೆಯಿದ್ದರೆ ಇಷ್ಟೆಲ್ಲ ಬೇಡ. 0.177 ಇಂಚು ಬೋರಿನ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ನಾನು ತಂದದ್ದು ನಳಿಗೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ದೇಶಿ ರೈಫಲ್. ಅದರಲ್ಲಿ ಮಗಳು ಹತ್ತು ಮೀಟರಿಗೆ ಅಭ್ಯಾಸ ಮಾಡುತ್ತಾಳೆ, ಪಕ್ಕದಲ್ಲಿ ನಾನು ಇದ್ದೇ ಇರುತ್ತೇನೆ. 2008ರ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ದೂರದಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಎಂದಾಗ ಮಗಳು ಸ್ಕೇಲ್ ತಂದು ಅಳೆದಳು. ಸ್ಪ್ರಿಂಗಿನ ರೈಫಲ್ ಬಿಗಿಯಾಗಿ ಹಿಡಿದರೆ ಗುಂಡು ಚದುರುತ್ತದೆ. ಅದು ಒಳಗೇ ಹಿಂದೆ ಮುಂದೆ ಎರಡೂ ಕಡೆ ಕುಲುಕುತ್ತದೆ, ಅದರ ಪಾಡಿಗೆ ಕುಲುಕಲು ಬಿಡಬೇಕು. ಎಡಗೈಯನ್ನು ತೆರೆದ ತಟ್ಟೆಯ ಹಾಗೆ ಕೆಳಗಿಟ್ಟರೆ ಸಾಕು. ಸುಮ್ನೆ ಖಾಲಿ ಹಾರಿಸಬಾರದು, ಪಿಸ್ಟನ್ ಹೊಡೆದು ಹಾಳಾಗುತ್ತದೆ. ಗುರಿಯ ಹಿಂದೆ ಹಳೆ ಬಟ್ಟೆ ತುಂಬಿದ ಮರದ ಪೆಟ್ಟಿಗೆ ಇಟ್ಟಿದ್ದೇವೆ, ಕಣ್ಣಿಗೆ ಕನ್ನಡಕ. ಅಡಿಕೆ ಹರಡಿದ ತಿಂಗಳುಗಳಲ್ಲಿ ಅಂಗಳ ಸಿಗುವುದಿಲ್ಲ, ಆಗ ಕೊಟ್ಟಿಗೆಯ ಪಕ್ಕಕ್ಕೆ ಹೋಗುತ್ತೇವೆ.

2024ರ ಲೋಕಸಭಾ ಚುನಾವಣೆ ಮುಗಿಯುವವರೆಗೆ ಇಟ್ಟುಕೊಳ್ಳಲು ಕೋವಿಯನ್ನು ಪೊಲೀಸರಿಗೆ ಒಪ್ಪಿಸಿದ್ದೆ. ಏಪ್ರಿಲ್ 26ಕ್ಕೆ ಮತದಾನ, ಜೂನ್ 4ಕ್ಕೆ ಫಲಿತಾಂಶ. ವಾಪಸ್ ಸಿಕ್ಕಿದಾಗ ಮಳೆ ಹಿಡಿದಿತ್ತು. ಮನೆಗೆ ತಂದು, ಮಾವ ಕಲಿಸಿದ ಹಾಗೆ ಮುರಿದು ಬೆಳಕಿಗೆ ಹಿಡಿದೆ. ಬಲ ನಳಿಗೆಯಲ್ಲಿ ಬಳೆಗಳು ಕಂಡವು. ಎಡ ನಳಿಗೆ ಕತ್ತಲು. ಒರಸುವ ಕೋಲು ಹಾಕಿ ತಳ್ಳಿದಾಗ ಹೆಬ್ಬೆರಳು ಗಾತ್ರದ ಒಣ ಮಣ್ಣಿನ ಉಂಡೆ ಜಗಲಿಗೆ ಬಿದ್ದು ಒಡೆಯಿತು. ಕಣಜದ ಗೂಡು. ಒಳಗೆ ಬಿಳಿ ಮರಿ, ಅದರ ಊಟಕ್ಕೆ ಕುಟುಕಿ ಮರಗಟ್ಟಿಸಿ ಇಟ್ಟ ಜೇಡಗಳು. ನೋಡದೆ ತೋಟೆ ಹಾಕಿದ್ದರೆ ನಳಿಗೆ ಸೀಳುತ್ತಿತ್ತು. ಈಗ ಒಪ್ಪಿಸುವ ಮೊದಲು ಒಳಗೆ ಹೊರಗೆ ಎಣ್ಣೆ ಸವರಿ, ಎರಡೂ ಬಾಯಿಗೆ ಕೆಂಪು ಬಟ್ಟೆ ತುರುಕುತ್ತೇನೆ, ತುದಿ ಒಂದು ಗೇಣು ಹೊರಗೆ ತೂಗುವಷ್ಟು ಉದ್ದದ್ದು.