ಬುಕಿಂಗ್ ವೆಬ್‌ಸೈಟ್ ಕೈಕೊಟ್ಟಾಗ ಹೋಂಸ್ಟೇಯವರು ಮಾಡಬೇಕಾದ್ದು

ಶುಕ್ರವಾರ ಸಂಜೆ, ಬೆಂಗಳೂರಿನವರು ಮುಳ್ಳಯ್ಯನಗಿರಿಗೆ ಹೊರಡುವ ಹೊತ್ತಿಗೇ ಸೈಟ್ ತೆರೆಯದಿದ್ದರೆ, ಮೊದಲು ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಅಲ್ಲಿ ತೆರೆದರೆ ತೊಂದರೆ ನಿಮ್ಮ ತೋಟದ ಇಂಟರ್ನೆಟ್‌ನದ್ದು. ಮಳೆಗಾಲದಲ್ಲಿ ಇದು ಮಾಮೂಲಿ.

ಎಲ್ಲೂ ತೆರೆಯುತ್ತಿಲ್ಲವೇ? ಸ್ಕ್ರೀನ್‌ಶಾಟ್ ತೆಗೆದು ಸಮಯ ಬರೆದಿಟ್ಟುಕೊಳ್ಳಿ. ಪರದೆ ಮೇಲೆ 500 ಅಂತ ಎರರ್ ನಂಬರ್ ಬಂದರೆ ಸಾಮಾನ್ಯವಾಗಿ ಕೋಡ್ ಅಥವಾ ಪ್ಲಗಿನ್ (ಸೈಟಿಗೆ ಸೇರಿಸಿದ ಸಣ್ಣ ಸಾಫ್ಟ್‌ವೇರ್) ಕೆಟ್ಟಿರುತ್ತೆ. ಕೊನೆಯದಾಗಿ ಅಪ್‌ಡೇಟ್ ಮಾಡಿದ ಪ್ಲಗಿನ್ ನಿಲ್ಲಿಸಿ ನೋಡಿ. 502, 503, 504 ಆದರೆ ಸರ್ವರ್ ಕಡೆಯ ತೊಂದರೆ, ಹೋಸ್ಟಿಂಗ್‌ನವರಿಗೆ, ಅಂದರೆ ಸೈಟ್ ಇಟ್ಟುಕೊಂಡಿರುವ ಕಂಪನಿಗೆ, ಟಿಕೆಟ್ (ದೂರು) ಹಾಕಿ. ‘ಸುರಕ್ಷಿತವಲ್ಲ’ ಎಂದರೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟ್ ಸುರಕ್ಷಿತ ಎಂದು ಬ್ರೌಸರ್‌ಗೆ ತೋರಿಸುವ ಪತ್ರ) ಅವಧಿ ಮುಗಿದಿರಬಹುದು. ಉಚಿತವಾಗಿ ಸಿಗುವ ಹೆಚ್ಚಿನವು 90 ದಿನದವು. ವಿಳಾಸವೇ ಸಿಗುತ್ತಿಲ್ಲ ಎಂದರೆ ಡೊಮೇನ್ (ಸೈಟಿನ ವಿಳಾಸದ ಹೆಸರು) ರಿನ್ಯೂವಲ್ ಆಗಿದೆಯೇ ನೋಡಿ. ಬಹಳ ಜನ ಸಿಕ್ಕಿಬೀಳುವುದು ಇಲ್ಲೇ: ಡೊಮೇನ್ ಇರುವುದು ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ, ಅವನೋ ಊರು ಬಿಟ್ಟು ಯಾವ ಕಾಲವಾಯಿತೋ, ರಿನ್ಯೂವಲ್ ಮೇಲ್ ಯಾರೂ ಓದಿರುವುದಿಲ್ಲ. ಸೈಟ್ ಚೆನ್ನಾಗಿರುವಾಗಲೇ ಅದನ್ನು ನಿಮ್ಮ ಹೆಸರು, ನಿಮ್ಮ ಇಮೇಲ್‌ಗೆ ಮಾಡಿಸಿಕೊಳ್ಳಿ.

ರಿಪೇರಿ ಮುಗಿಯುವ ತನಕ ಗೂಗಲ್ ಜಾಹೀರಾತು ನಿಲ್ಲಿಸಿ. ಪ್ರತಿ ಕ್ಲಿಕ್ಕಿಗೂ ದುಡ್ಡು ಹೋಗುತ್ತೆ, ಬುಕಿಂಗ್ ಬರಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ “ಸೈಟ್ ಸದ್ಯ ತೆರೆಯುತ್ತಿಲ್ಲ, ರೂಮಿಗೆ ಈ ನಂಬರಿಗೆ ಫೋನ್ ಮಾಡಿ” ಎಂದಷ್ಟೇ ಹಾಕಿ. ಹತ್ತು ನಿಮಿಷದಲ್ಲಿ ಸರಿಹೋಗುತ್ತೆ ಅಂತ ಮಾತು ಕೊಡಬೇಡಿ. ಫೋನಿನ ಬುಕಿಂಗ್‌ಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಒಂದೇ ರೂಮು ಇಬ್ಬರ ಪಾಲಾಗುತ್ತೆ.

ಸೈಟ್ ಮರಳಿದ ಮೇಲೆ ಪೇಮೆಂಟ್ ಗೇಟ್‌ವೇ (ಆನ್‌ಲೈನ್ ದುಡ್ಡು ಪಡೆಯುವ ಸೇವೆ) ಪಟ್ಟಿ, ಬುಕಿಂಗ್ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ದುಡ್ಡು ಕಟ್ ಆಗಿಯೂ ಬುಕಿಂಗ್ ದಾಖಲಾಗದವರು ಸಿಕ್ಕರೆ, ಅವರು ಕೇಳುವ ಮೊದಲೇ ನೀವೇ ಫೋನ್ ಮಾಡಿ.